ವತನಾಬೆ ಮತ್ತು ಕಡವಿನ ಮನೆ

ಕನ್ನಡಕದ ಡಬ್ಬಿ ತೆರೆದರೆ ಕನ್ನಡಕಕ್ಕಿಂತ ಮೊದಲು ಒಂದು ವಿಸಿಟಿಂಗ್ ಕಾರ್ಡು ಕೈಗೆ ಬರುತ್ತದೆ. ಒಂದು ಬದಿ ಇಂಗ್ಲಿಷು, ಇನ್ನೊಂದು ಬದಿ ಜಪಾನಿ. ಜಪಾನಿ ಬದಿಯಲ್ಲಿ ಒಂದು ಅಕ್ಷರಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದೆ. ಆ ಸುತ್ತು ಹಾಕಿಸಿದವನು ನಾನೇ. ಹೆಸರು ಕೇಳಿದ ಕೂಡಲೇ ಅದರ ಅಕ್ಷರವನ್ನೂ ಕೇಳುವುದು ನನ್ನ ಹಳೆಯ ಚಟ. ಪತ್ರಿಕೆಯ ಡೆಸ್ಕಿನಲ್ಲಿ ಅಷ್ಟು ವರ್ಷ ಕೂತವನಿಗೆ ಬೇರೆ ಚಟ ಹತ್ತುವುದಕ್ಕೆ ಪುರುಸೊತ್ತೂ ಇರಲಿಲ್ಲ. ಸುದ್ದಿಯಲ್ಲಿ ಉಳಿದದ್ದೆಲ್ಲ ಸರಿಯಿದ್ದು ಹೆಸರೊಂದು ತಪ್ಪಿದರೆ, ಮರುದಿನ ಫೋನು ಮಾಡುವವರು ಆ ಹೆಸರಿನವರೇ. ನಿವೃತ್ತನಾದ ಮೇಲೂ ಚಟ ಬಿಡಲಿಲ್ಲ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಒಮ್ಮೆ ಸಾವಿನ ಮನೆಯಲ್ಲೂ ಹೊಸಬರ ಪರಿಚಯವಾದಾಗ, "ಇನಿಶಿಯಲ್ ಯಾವುದು?" ಎಂದು ಕೇಳಿಬಿಟ್ಟಿದ್ದೇನೆ. ನನ್ನ ಹೆಂಡತಿ ಹೇಳುವುದು ಹೀಗೆ: "ಯಮ ಬಾಗ್ಲಿಗ್ ಬಂದ್ರೂ ಇನಿಶಿಯಲ್ ಎಂತ ಅಂದೇಳಿ ಕೇಣ್ತ್ರಿ ನೀವ್. ಅವ ಬೇಜಾರಾಯಿ ಹಿಂದೆ ಹೋದ್ರೂ ಹೋಪ."

ನನ್ನ ಇನಿಶಿಯಲ್ 'ಕೆ'. ಕೆ ಎಂದರೆ ಕಡವಿನಮನೆ. ದೋಣಿಯಲ್ಲಿ ಜನರನ್ನು ಹೊಳೆ ದಾಟಿಸುವ ಜಾಗವೇ ಕಡವು. ಅದರ ಪಕ್ಕದ ಮನೆ ನಮ್ಮದು. ನಮ್ಮಲ್ಲಿ ಮನೆಯ ಹೆಸರು ಬರುವುದು ತಾಯಿಯ ಕಡೆಯಿಂದ. ಕುಂದಾಪುರ, ಬೈಂದೂರು, ಬ್ರಹ್ಮಾವರ ಯಾವ ಕಡೆ ಹೋದರೂ ಮನುಷ್ಯನ ಹೆಸರಿಗಿಂತ ಮನೆಯ ಹೆಸರೇ ಮುಂದೆ ನಡೆಯುತ್ತದೆ. ನಮ್ಮ ತರಗತಿಯಲ್ಲಿ ರಾಘವೇಂದ್ರ ಎಂಬವರು ಬೆಂಚಿಗೊಬ್ಬರಂತೆ ಇದ್ದರು. ಅವರನ್ನು ಯಾರೂ ರಾಘವೇಂದ್ರ ಎಂದು ಕರೆಯುತ್ತಿರಲಿಲ್ಲ. ಒಬ್ಬ ಹಾಡಿಮನೆ, ಒಬ್ಬ ಬಾವಿಕಟ್ಟೆ, ಒಬ್ಬ ಕೆಳಮನೆ. ಕಿರಿಮಂಜೇಶ್ವರದ ಒಬ್ಬರು ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದಾಗ ಮಾಲೀಕರು ಸರ್‌ನೇಮ್ ಕೇಳಿದರಂತೆ. ಹಾಗೆಂದರೇನೆಂದು ಇವರಿಗೆ ತಿಳಿಯಲಿಲ್ಲ. ಊರಿನ ಹೆಸರು ಹೇಳಿದರು. ಅದು ಉದ್ದವಾಯಿತೆಂದು ಮಾಲೀಕರು ಅರ್ಧ ಕತ್ತರಿಸಿದರು. ಆ ಅರ್ಧ ಈಗ ಅವರ ಮೊಮ್ಮಕ್ಕಳ ಪಾಸ್‌ಪೋರ್ಟಿನಲ್ಲಿದೆ.

ಕಾರ್ಡಿನ ವಿಷಯಕ್ಕೆ ಬರುತ್ತೇನೆ. ಹೋದ ಚಳಿಗಾಲದಲ್ಲಿ ಜಪಾನಿನಿಂದ ಒಬ್ಬ ಹೆಣ್ಣುಮಗಳು ಕುಂದಾಪುರಕ್ಕೆ ಬಂದಿದ್ದಳು. ಹೊಳೆಯಂಚಿನಲ್ಲಿ, ಉಪ್ಪುನೀರಿನ ಕೆಸರಿನಲ್ಲಿ ಬೇರು ಮೇಲೆ ಮಾಡಿಕೊಂಡು ಬೆಳೆಯುವ ಕಾಂಡ್ಲಾ ಗಿಡಗಳ ಅಧ್ಯಯನ ಅವಳದು. ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯರೊಬ್ಬರು, "ನಿಮಗೆ ಎರಡು ದಡವೂ ಗೊತ್ತು, ಇಂಗ್ಲಿಷೂ ಬರುತ್ತದೆ, ಒಂದು ದಿನ ಜೊತೆಗೆ ಹೋಗಿ" ಎಂದರು. ಹೋದೆ. ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡು, ಬೆನ್ನಿಗೊಂದು ಚೀಲ ಏರಿಸಿಕೊಂಡು ಬಂದವಳು ಎರಡೂ ಕೈಯಲ್ಲಿ ಕಾರ್ಡು ಹಿಡಿದು ನನಗೆ ಕೊಟ್ಟಳು. ವತನಾಬೆ.

ನಾನು ಅಕ್ಷರ ಕೇಳಿದೆ. ಅವಳಿಗೆ ನಗು ಬಂತು. ಅವಳ ದೇಶದಲ್ಲೂ ಕಚೇರಿಗೆ ಹೋದಾಗಲೆಲ್ಲ ಕೇಳುವುದು ಅದನ್ನೇ ಅಂತೆ. ಹೆಸರಿನ ಮೊದಲ ಭಾಗಕ್ಕೆ ದಾಟುವುದು ಎಂದರ್ಥ, ಎರಡನೆಯದಕ್ಕೆ ಬದಿ. ಈ ಬದಿ ಎಂಬ ಅಕ್ಷರವನ್ನು ಬರೆಯುವುದಕ್ಕೆ ಹಲವು ಕ್ರಮ ಇದೆಯಂತೆ. ಒಂದೊಂದು ಮನೆಯವರದು ಒಂದೊಂದು. ಗೀಟು ಹೆಚ್ಚು ಕಡಿಮೆಯಾದರೆ ಬೇರೆ ಮನೆಯವರಾಗಿಬಿಡುತ್ತಾರೆ. ಅಂಥ ದೇಶದ ಪತ್ರಿಕೆಯಲ್ಲಿ ಕರಡು ತಿದ್ದುವವರನ್ನು ನೆನೆದು ನನಗೆ ನಿಜಕ್ಕೂ ಮರುಕವಾಯಿತು. ಅವಳ ಮನೆಯ ಅಕ್ಷರಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿಸಿಕೊಂಡೆ.

"ದಾಟುವ ಬದಿ ಅಂದರೆ?" ಎಂದೆ.

ದೋಣಿ ಹತ್ತುವ ಜಾಗ, ಎಂದಳು. ಒಸಾಕಾ ಎಂಬ ದೊಡ್ಡ ಊರಿದೆಯಲ್ಲ, ಅಲ್ಲಿ ಬಹಳ ಹಿಂದೆ ಆ ಹೆಸರಿನ ಒಂದು ಕಡವು ಇತ್ತಂತೆ. ಅಲ್ಲಿ ನೆಲೆಸಿದ ಯೋಧರ ಮನೆತನವೊಂದು ಜಾಗದ ಹೆಸರನ್ನೇ ಇಟ್ಟುಕೊಂಡಿತು. ನೀರಿನ ದಾರಿ ಬಲ್ಲವರಾದ್ದರಿಂದ ಬಂದರಿನಿಂದ ಬಂದರಿಗೆ ಹರಡಿದರು. ಸಾಮಾನ್ಯ ಜನರಿಗೆ ಮನೆತನದ ಹೆಸರು ಕಡ್ಡಾಯವಾದದ್ದು ನೂರೈವತ್ತು ವರ್ಷಗಳ ಈಚೆಗೆ. ಆಗ ಗದ್ದೆಯ ನಡುವೆ ಇದ್ದವರು ಗದ್ದೆಯ ಹೆಸರು, ಬೆಟ್ಟದ ಬುಡದವರು ಬೆಟ್ಟದ ಹೆಸರು ಹಿಡಿದುಕೊಂಡರು. ಹೆಸರು ಹೊಳೆಯದವರು ಊರಿನ ದೊಡ್ಡ ಮನೆಯ ಹೆಸರನ್ನೇ ತೆಗೆದುಕೊಂಡದ್ದೂ ಉಂಟು. ಹಾಗಾಗಿ ಈಗ ಜಪಾನಿನಲ್ಲಿ ಅತಿ ಹೆಚ್ಚು ಜನರಿಗಿರುವ ಕೆಲವೇ ಹೆಸರುಗಳಲ್ಲಿ ವತನಾಬೆಯೂ ಒಂದು. ಬೀದಿಯಲ್ಲಿ ನಿಂತು ವತನಾಬೆ ಎಂದು ಕೂಗಿದರೆ ಒಬ್ಬರಾದರೂ ತಿರುಗಿ ನೋಡುತ್ತಾರೆ, ಎಂದಳು.

ನಾನು ನನ್ನ 'ಕೆ'ಯ ಕಥೆ ಹೇಳಿದೆ. ಅವಳು ನಡೆಯುತ್ತಿದ್ದವಳು ನಿಂತಳು. "ಹಾಗಾದರೆ ನೀವೂ ವತನಾಬೆ."

"ಅಲ್ಲ. ನಾನು ಕಡವಿನಮನೆ. ನೀವೂ ಕಡವಿನಮನೆ."

"ಕಡವಿನವರು ಈಗ ಏನು ಮಾಡುತ್ತಾರೆ?"

"ಏನೂ ಇಲ್ಲ. ಸೇತುವೆ ಆಗಿದೆ," ಎಂದೆ. ಸತ್ಯವಾದ, ಚಿಕ್ಕದಾದ ಉತ್ತರ. ಅಂಥದ್ದೇ ನನಗೆ ಅಭ್ಯಾಸ.

ಸೇತುವೆ ಆಗುವ ಮೊದಲು ಅಜ್ಜಯ್ಯ, ನನ್ನ ಅಮ್ಮನ ಅಪ್ಪ, ದೋಣಿ ನಡೆಸುತ್ತಿದ್ದರು. ಹೊಳೆಯ ಆಚೆ ದಡದಲ್ಲಿ ಕಲ್ಲಿನ ಮೆಟ್ಟಿಲು, ಈಚೆ ದಡದಲ್ಲಿ ನಮ್ಮ ಅಂಗಳ. ಆಚೆಯವರು ಮೆಟ್ಟಿಲ ಮೇಲೆ ನಿಂತು "ಹ್ವಾಯ್, ದೋಣೀ" ಎಂದು ಕೂಗಬೇಕು. ಈಚೆಯಿಂದ ಅಜ್ಜಯ್ಯ "ಬಂದೇ" ಎಂದು ಮರುಕೂಗು ಕೊಡಬೇಕು. ಕೂಗಿನಲ್ಲೇ ಅವರಿಗೆ ಆಳು ಗೊತ್ತಾಗುತ್ತಿತ್ತು. ಬ್ರಹ್ಮಾವರದಿಂದ ನಮ್ಮ ಶಾಲೆಗೆ ಬಂದ ಹೊಸ ಮೇಷ್ಟ್ರಿಗೆ ಕೂಗುವುದಕ್ಕೆ ನಾಚಿಕೆ. ಅವರು ಮೆಟ್ಟಿಲ ಮೇಲೆ ನಿಂತು ಕೊಡೆಯನ್ನು ಬಿಚ್ಚಿ ಮುಚ್ಚಿ ಮಾಡುತ್ತಿದ್ದರು. ದೂರಕ್ಕೆ ಅದು ರೆಕ್ಕೆ ಬಡಿಯುವ ಕಾಗೆಯ ಹಾಗೆ ಕಾಣುತ್ತಿತ್ತು. ನಾವು ಹುಡುಗರು ಅಜ್ಜಯ್ಯನಿಗೆ ಹೇಳದೆ ಸುಮ್ಮನೆ ನೋಡುತ್ತ ಕೂರುತ್ತಿದ್ದೆವು. ಶಾಲೆ ತಡವಾಗಿ ಶುರುವಾದಷ್ಟೂ ನಮಗೆ ಲಾಭ.

ಕಡವಿಗೆ ಒಂದು ಕಟ್ಟಳೆ ಇತ್ತು. ಕೂಗಿದವರು ದೋಣಿ ಬರುವವರೆಗೆ ಮೆಟ್ಟಿಲು ಬಿಟ್ಟು ಹೋಗುವಂತಿಲ್ಲ. "ಬಂದೇ" ಎಂದವರು ಹೋಗದೆ ಇರುವಂತಿಲ್ಲ. ಒಮ್ಮೆ ಒಬ್ಬರು ಕೂಗಿ, ನಡುವೆ ಸಿಕ್ಕ ಮೀನಿನ ದೋಣಿ ಹತ್ತಿ ಹೊರಟುಬಿಟ್ಟರು. ಅಜ್ಜಯ್ಯ ಹೋಗಿ ನೋಡಿದರೆ ಮೆಟ್ಟಿಲು ಖಾಲಿ. ಖಾಲಿ ದೋಣಿ ತಿರುಗಿಸಿಕೊಂಡು ಬಂದರು. ಮರುದಿನ ಅದೇ ಮನುಷ್ಯ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರೂ ಅಜ್ಜಯ್ಯನಿಗೆ ಕಿವಿ ಕೇಳಲಿಲ್ಲ.

ಇನ್ನೊಂದು ಪದ್ಧತಿ ಮದುವೆಯದು. ನಮ್ಮ ಕಡೆ ಮದುವೆಗೆ ಮನೆಮನೆಗೆ ಹೋಗಿ ವೀಳ್ಯ ಕೊಟ್ಟು ಕರೆಯುವುದಕ್ಕೆ ಹೇಳಿಕೆ ಎನ್ನುತ್ತಾರೆ. ಪತ್ರಿಕೆಯವನಾದ ನನಗೆ ಹೇಳಿಕೆ ಎಂದರೆ ಮಂತ್ರಿಗಳು ಕೊಡುವುದು, ಮರುದಿನ ಹಿಂತೆಗೆದುಕೊಳ್ಳುವುದು. ಊರಿನ ಹೇಳಿಕೆ ಹಾಗಲ್ಲ, ಕೊಟ್ಟ ಮೇಲೆ ಮುಗಿಯಿತು. ಆಚೆ ದಡದಲ್ಲಿ ಯಾರ ಮದುವೆಯಾದರೂ ಮೊದಲ ಹೇಳಿಕೆ ಕಡವಿನಮನೆಗೆ. ಇದೊಂದು ದೊಡ್ಡ ಮರ್ಯಾದೆ ಎಂದು ಮನೆಯಲ್ಲಿ ಎಲ್ಲರೂ ಹೆಮ್ಮೆಪಡುತ್ತಿದ್ದರು. ತಣ್ಣಗೆ ಯೋಚಿಸಿದರೆ ಅದರಲ್ಲಿ ಮರ್ಯಾದೆಯೇನೂ ಇರಲಿಲ್ಲ. ಈ ದಡದಲ್ಲಿ ಯಾರನ್ನು ಕರೆಯಬೇಕಿದ್ದರೂ ಮೊದಲು ದೋಣಿ ಹತ್ತಬೇಕು, ದೋಣಿ ಇಳಿದರೆ ಸಿಗುವ ಮೊದಲ ಮನೆ ನಮ್ಮದು. ಬರೀ ದಾರಿಯ ವಿಷಯ. ಆದರೆ ದಾರಿಯ ವಿಷಯವೇ ಕಾಲಕ್ರಮದಲ್ಲಿ ಕ್ರಮವಾಗಿ, ಕ್ರಮ ಮರ್ಯಾದೆಯಾಗಿ, ಸೇತುವೆ ಆದ ಮೇಲೂ ಕೆಲವು ವರ್ಷ ನಡೆಯಿತು. ಸೇತುವೆ ಇರುವುದು ಹೊಳೆಯ ಮೇಲಿನ ತಿರುವಿನಲ್ಲಿ. ಅಲ್ಲಿಂದ ಸುತ್ತು ಹಾಕಿ ಬಂದು, ಮೊದಲು ನಮ್ಮಲ್ಲಿಗೆ ಹೇಳಿ, ಆಮೇಲೆ ಹಿಂದೆ ಹೋಗಿ ಉಳಿದವರಿಗೆ ಹೇಳುತ್ತಿದ್ದರು.

ಇದನ್ನು ನೆನಪಿಟ್ಟುಕೊಂಡಿರುವವರು ಈಗ ಪಾರ್ವತಿ ಚಿಕ್ಕಮ್ಮ, ನನ್ನ ಅಮ್ಮನ ತಂಗಿ. ಅವರ ಮಗ ಸುಧಾಕರ ಗಂಗೊಳ್ಳಿಯ ಮೀನು ಬಂದರಿಗೆ ಮಂಜುಗಡ್ಡೆ ಸಾಗಿಸುವ ಟೆಂಪೊ ಇಟ್ಟುಕೊಂಡಿದ್ದಾನೆ. ಚಿಕ್ಕಮ್ಮ ಅಂಗಳದಲ್ಲಿ ಚಟ್ಲಿ, ಅಂದರೆ ಸಿಗಡಿ, ಒಣಗಿಸಿ ಮಾರುತ್ತಾರೆ. ಕಾಗೆಗಳ ಜೊತೆ ದಿನವಿಡೀ ಜಗಳವಾಡುತ್ತಾರೆ. ಆಚೆ ದಡದ ಬೈಲುಮನೆಯ ಗುಲಾಬಿ ಅವರ ಶಾಲೆಯ ಗೆಳತಿ. ಗುಲಾಬಕ್ಕ ದಿನಾ ಅಜ್ಜಯ್ಯನ ದೋಣಿಯಲ್ಲೇ ಶಾಲೆಗೆ ಬರುತ್ತಿದ್ದವರು. ಇಬ್ಬರೂ ಹೊಳೆಯ ಎರಡು ದಡದಲ್ಲಿ ನಿಂತೇ ಊರಿನ ಸುದ್ದಿಯನ್ನೆಲ್ಲ ಕೂಗಿ ಮಾತಾಡುತ್ತಿದ್ದರು. ಗುಟ್ಟಿನ ವಿಷಯವಾದರೆ ಸ್ವಲ್ಪ ಮೆಲ್ಲಗೆ ಕೂಗುತ್ತಿದ್ದರು.

ಹೋದ ವರ್ಷ ಗುಲಾಬಕ್ಕನ ಮೊಮ್ಮಗನ ಮದುವೆ. ಹೇಳಿಕೆ ಬಂದದ್ದು ಸುಧಾಕರನ ಫೋನಿಗೆ, ಒಂದು ಚಿತ್ರವಾಗಿ. ಮೂಲೆಯಲ್ಲಿ ಗಣಪತಿ, ಸುತ್ತಲೂ ಮಿನುಗುವ ಹೂವು. ಸುಧಾಕರ ತಂದು ತೋರಿಸಿದ. ಚಿಕ್ಕಮ್ಮ ನೋಡಿ, "ಚಂದ ಇತ್ತ್" ಎಂದರು. ಮದುವೆಗೆ ಹೋಗಲಿಲ್ಲ. ಅಲ್ಲಿಂದ ಮುಂದೆ ಹೊಳೆಯ ಎರಡು ದಡಕ್ಕೂ ಮಾತಿಲ್ಲ. ಈ ವರ್ಷ ಗುಲಾಬಕ್ಕನ ಮೊಮ್ಮಗಳ ಮದುವೆ ನಿಶ್ಚಯವಾಗಿದೆ ಎಂದು ಊರೆಲ್ಲ ಸುದ್ದಿ. ಈ ಸಲವೂ ಚಿಕ್ಕಮ್ಮ ಹೋಗದಿದ್ದರೆ ಈ ಗೆಳೆತನ ಇಲ್ಲಿಗೆ ಮುಗಿಯಿತು ಎಂದು ಸುಧಾಕರನಿಗೆ ಚಿಂತೆ. "ಎರಡೂ ಮುದ್ಕಿಯರ್. ಸರಿ ಆಪುಕೆ ಇನ್ನೊಂದ್ ಮದಿ ಸಿಕ್ಕೂದ್ ಯಾವಾಗ?" ಎಂದು ನನ್ನನ್ನು ಕೇಳಿದ್ದ.

ಆ ಹೊತ್ತಿನಲ್ಲೇ ನಾನು ವತನಾಬೆಯನ್ನು ಕರೆದುಕೊಂಡು ಕಡವಿನಮನೆಗೆ ಹೋದದ್ದು. ಅಂಗಳದ ಕೆಳಗೆ ಕಾಂಡ್ಲಾ ದಟ್ಟವಾಗಿದೆ. ಅವಳು ಕೆಸರಿಗಿಳಿದು ಕೋಲು ಊರಿ ಅಳತೆ ಮಾಡಿದಳು. ಮೇಲೆ ಬಂದ ಮೇಲೆ ಚಿಕ್ಕಮ್ಮ ಚಾ ಕೊಟ್ಟರು. ನಾನು ಹೆಸರಿನ ಅರ್ಥ ಹೇಳಿದೆ.

"ಹಾಂಗಾರೆ ನಮ್ಮನಿ ಹೆಣ್ಣೇ ಅಲ್ದಾ ಮಾಣಿ!" ಎಂದರು ಚಿಕ್ಕಮ್ಮ. ನಿವೃತ್ತಿ ವೇತನ ತೆಗೆದುಕೊಳ್ಳುವ ನನ್ನನ್ನು ಜಗತ್ತಿನಲ್ಲಿ ಮಾಣಿ, ಅಂದರೆ ಹುಡುಗ, ಎಂದು ಕರೆಯುವವರು ಇನ್ನು ಅವರೊಬ್ಬರೇ. "ಕೇಣ್ ಕಾಂಬ, ಅವ್ರ್ ಕಡು ಯಾವ್ ಬದಿದ್? ಆಚಿ ಬದಿದಾ, ಈಚಿ ಬದಿದಾ?" ಅವರ ಬಾಯಲ್ಲಿ ಕಡವು ಕಡುವಾಗುತ್ತದೆ.

ಕೇಳಿದೆ. ವತನಾಬೆ ಯೋಚಿಸಿದಳು. ಹೆಸರಿನಲ್ಲಿ ಅದು ಇಲ್ಲ. ಬದಿ ಎಂದಷ್ಟೇ ಇದೆ, ಎಂದಳು.

"ಹೊಳಿ ಎಷ್ಟ್ ಅಗ್ಲ ಇತ್ತಂಬ್ರ್?"

ಅವಳು ಆ ಹೊಳೆಯನ್ನು ನೋಡಿಯೇ ಇಲ್ಲ. ಅವಳ ಮನೆಯವರು ತಲೆತಲಾಂತರದಿಂದ ಬೆಟ್ಟದ ಊರಿನವರು.

"ಹೊಳಿ ಕಾಣ್ದೆ ಕಡಿನ್ ಹೆಸ್ರಾ?" ಚಿಕ್ಕಮ್ಮನಿಗೆ ಇದು ಸರಿಕಾಣಲಿಲ್ಲ. ಮತ್ತೆ ಕೇಳಿದರು. "ಹ್ವಾಯ್ ಮಾಣಿ, ಇದೊಂದ್ ಕೇಣ್. ಅವ್ರ್ ಊರಗೆ ಮದಿ ಆದ್ರೆ ಇವ್ರ್ ಮನಿಗ್ ಮೊದಲ್ ಹೇಳ್ಕೆ ಬತ್ತಾ?"

ನಾನು ಹೇಳಿಕೆ ಎಂದರೆ ಏನು, ಮೊದಲ ಹೇಳಿಕೆ ಎಂದರೆ ಏನು, ಎಲ್ಲವನ್ನೂ ವಿವರಿಸಿ ಕೇಳಿದೆ. ಅಂಥದ್ದೇನೂ ಇಲ್ಲ ಎಂದಳು ವತನಾಬೆ. ಆದರೆ ಬೇರೆ ಒಂದು ಇದೆ. ಅವರಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಮನೆಮನೆಯಲ್ಲೂ ಹುರಿದ ಕಾಳು ಎರಚಿ ಭೂತಗಳನ್ನು ಓಡಿಸುತ್ತಾರಂತೆ. ವತನಾಬೆ ಮನೆತನದವರು ಮಾತ್ರ ಎರಚಬೇಕಾಗಿಲ್ಲ. ಅವರ ಹಿರಿಯನೊಬ್ಬ ಭೂತದ ತೋಳನ್ನೇ ಕಡಿದಿದ್ದ ಎಂದು ಕಥೆ. ಅಂದಿನಿಂದ ಆ ಹೆಸರು ಕೇಳಿದರೆ ಸಾಕು, ಭೂತ ಆ ಮನೆಯ ಹತ್ತಿರ ಸುಳಿಯುವುದಿಲ್ಲವಂತೆ.

ಚಿಕ್ಕಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಅಡ್ಡಿಲ್ಲೆ. ಅವ್ರ್ ಮನಿಗ್ ಭೂತ ಬತ್ತಿಲ್ಲೆ. ನಮ್ಮನಿಗ್ ಜನವೇ ಬತ್ತಿಲ್ಲೆ," ಎಂದು ಲೋಟ ತೊಳೆಯಲು ಎದ್ದರು.

ಮಧ್ಯಾಹ್ನ ನಾವು ಸೇತುವೆ ಸುತ್ತಿಕೊಂಡು ಆಚೆ ದಡಕ್ಕೆ ಹೋದೆವು. ಅಲ್ಲಿಯ ಕೆಸರನ್ನೂ ಅಳೆಯಬೇಕಿತ್ತು. ಬೈಲುಮನೆಯ ಜಗಲಿಯಲ್ಲಿ ಗುಲಾಬಕ್ಕ ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟರು. ಅವರ ಮಗ ಜಯರಾಮ ಅಲ್ಲೇ ಕುಳಿತು ಮದುವೆಯ ಕಾರ್ಡುಗಳಿಗೆ ಅರಿಶಿನ ಹಚ್ಚುತ್ತಿದ್ದ. ಮತ್ತೆ ಹೆಸರಿನ ಅರ್ಥ, ಮತ್ತೆ ಕಡವು, ಮತ್ತೆ ಭೂತದ ತೋಳು. ಗುಲಾಬಕ್ಕನಿಗೆ ತೋಳಿನ ಕಥೆ ಬಹಳ ಹಿಡಿಸಿತು. ಅವರು ನಗುವುದನ್ನು ನೋಡಿ ವತನಾಬೆಯೂ ಉತ್ಸಾಹದಿಂದ ಇನ್ನೊಂದು ಮಾತು ಸೇರಿಸಿದಳು: ಎದುರಿನ ದಡದ ಅಮ್ಮ ನನ್ನನ್ನು ಕೇಳಿದರು, ನಿಮ್ಮ ದೇಶದಲ್ಲಿ ಕಡವಿನ ಮನೆಗೆ ಮದುವೆಯ ಮೊದಲ ಕರೆ ಬರುತ್ತದೆಯೇ ಎಂದು.

ಅವಳು ನನ್ನ ಮುಖ ನೋಡಿದಳು. ನಾನು ಅನುವಾದಿಸಿದೆ. ಒಂದು ಶಬ್ದವನ್ನೂ ಸೇರಿಸಲಿಲ್ಲ, ಒಂದನ್ನೂ ಬಿಡಲಿಲ್ಲ.

ಗುಲಾಬಕ್ಕನ ನಗು ನಿಂತಿತು. ಬೊಂಡದ ಸಿಪ್ಪೆ ಒಟ್ಟು ಮಾಡುತ್ತ, "ಪಾರು ಹಾಂಗ್ ಕೇಣ್ತಾ?" ಎಂದರು.

"ಹೌದು," ಎಂದೆ.

ಜಯರಾಮ ತಲೆಯೆತ್ತದೆ, "ಅಮ್ಮ, ಈಗ್ಳ್ ಯಾರ್ ಕಾಣ್ತ್ರ್ ಅದನ್ನೆಲ್ಲ? ಸಂಕದ್ ಬುಡದಿಂದ ಸಾಲಾಗ್ ಹೇಳ್ಕಂಡ್ ಬಪ್ದ್," ಎಂದ. ಸಂಕ ಅಂದರೆ ಸೇತುವೆ. ಗುಲಾಬಕ್ಕ ಸಿಪ್ಪೆ ಎತ್ತಿಕೊಂಡು ಹಿತ್ತಲಿಗೆ ಹೋದರು.

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಹಣೆ ಚಚ್ಚಿಕೊಂಡಳು. "ಆ ಒಂದ್ ಮಾತ್ ನುಂಗುಕೆ ಆತಿರ್ಲಿಲ್ಯಾ ನಿಮ್ಗೆ?"

"ಬೇರೆಯವರ ಮಾತಿಗೆ ನಾನು ಕತ್ತರಿ ಹಾಕುವುದಿಲ್ಲ," ಎಂದೆ.

"ಹಾಂಗಾರೆ ಮದಿ ಊಟ ಇಲ್ಲೆ ಅಂದ್ ಮಾಡ್ಕಣಿ."

ವತನಾಬೆ ಊರಿಗೆ ಹೋದಳು. ಕಾರ್ಡು ಕನ್ನಡಕದ ಡಬ್ಬಿಯಲ್ಲಿ ಉಳಿಯಿತು. ಕೆಲವು ದಿನಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಒಣ ಚಟ್ಲಿ ತರಲೆಂದು ಕಡವಿನಮನೆಗೆ ಹೋಗಿದ್ದೆ. ಸುಧಾಕರ ಟೆಂಪೊ ತೊಳೆಯುತ್ತಿದ್ದ. ಚಿಕ್ಕಮ್ಮ ಚಾಪೆಯ ಮೇಲೆ ಚಟ್ಲಿ ಹರಡುತ್ತಿದ್ದರು. ಹೊಳೆಯ ಕಡೆಯಿಂದ ಒಂದು ಕೂಗು ಕೇಳಿತು.

"ಹ್ವಾಯ್... ದೋಣೀ..."

ಸುಧಾಕರ ನೀರಿನ ಪೈಪು ಹಿಡಿದುಕೊಂಡೇ, "ಯಾರೋ ಕುಡ್ಕಂಡ್ ಕೂಗ್ತಾ ಇದ್ರ್," ಎಂದ.

ಮತ್ತೆ ಅದೇ ಕೂಗು. ಸ್ವಲ್ಪ ಬಿರುಕು ಬಿಟ್ಟ ಧ್ವನಿ. ಚಿಕ್ಕಮ್ಮನ ಕೈ ನಿಂತಿತು.

"ಗುಲಾಬಿ," ಎಂದರು.

ಅವರು ಎದ್ದು ಅಂಗಳದ ಅಂಚಿಗೆ ಹೋದರು. ನಾನೂ ಹಿಂದೆ ಹೋದೆ. ಆಚೆ ದಡದ ಮೆಟ್ಟಿಲ ಮೇಲೆ ಒಂದು ಕೊಡೆ, ಕೊಡೆಯ ಕೆಳಗೆ ಒಂದು ಸೀರೆ. ಪಕ್ಕದಲ್ಲಿ ಪ್ಯಾಂಟು ಹಾಕಿದ ಒಬ್ಬ. ಚಿಕ್ಕಮ್ಮ ನೋಡುತ್ತ ನಿಂತರು. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲೂಬಹುದು ಎಂದು ಆ ಕ್ಷಣ ನನಗನಿಸಿತು. ಅಜ್ಜಯ್ಯನ ಮಗಳು. ಕಿವಿ ಕೇಳದಿರುವ ವಿದ್ಯೆ ಅವರಿಗೂ ಗೊತ್ತು. ಮೂರನೆಯ ಸಲ ಕೂಗು ಬಂದಾಗ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಯನ್ನೂ ಬಾಯಿಗೆ ಹಿಡಿದರು.

"ಬಂದೇ..."

ಹೊಳೆಯ ಮೇಲೆ ಆ ಶಬ್ದ ಹೋಗಿ ಮುಟ್ಟಿದ್ದು ಕಾಣಿಸಿತು. ಕೊಡೆ ಒಮ್ಮೆ ಅಲುಗಿತು. ಚಿಕ್ಕಮ್ಮ ತಿರುಗಿ, "ಸುಧಾಕರಾ, ಟೆಂಪೊ ತೆಗಿ," ಎಂದರು.

"ಐಸಿನ್ ಪೆಟ್ಗಿ ಇಳ್ಸಿಲ್ಲೆ ಅಮ್ಮ."

"ಪೆಟ್ಗಿ ಇರ್ಲಿ ಮಾರಾಯ. ಬತ್ತೆ ಅಂದಾಯ್ತ್. ಗುಲಾಬಿ ಬಿಸ್ಲಗೆ ನಿಂತ್ಕಂಡಿತ್ತ್, ಮೊಣ್ಕಾಲ್ ನೋವ್ ಬೇರೆ."

ಚಿಕ್ಕಮ್ಮ ಮುಂದೆ, ನಾನು ಹಿಂದೆ, ಪೆಟ್ಟಿಗೆಗಳ ನಡುವೆ. ಸೇತುವೆ ಸುತ್ತಿ ಹೋಗುವಷ್ಟು ಹೊತ್ತೂ ಅವರು ಸುಧಾಕರನಿಗೆ ಬೇಗ ಬಿಡು ಎನ್ನುತ್ತಿದ್ದುದು ನನಗೆ ಕೇಳುತ್ತಿತ್ತು. ದೋಣಿಯ ಕಾಲದಲ್ಲಿ ಒಂದು ಎಲೆಯಡಿಕೆ ಜಗಿಯುವಷ್ಟರಲ್ಲಿ ಮುಗಿಯುತ್ತಿದ್ದ ದಾರಿ.

ಗುಲಾಬಕ್ಕ ಮೆಟ್ಟಿಲು ಬಿಟ್ಟು ಕದಲಿರಲಿಲ್ಲ. ಕೈಯಲ್ಲಿ ಬಾಳೆಲೆ ಮುಚ್ಚಿದ ಹಿತ್ತಾಳೆಯ ಬಟ್ಟಲು. ಜಯರಾಮ ಕಾರ್ಡಿನ ಕಟ್ಟು ಹಿಡಿದು ಬೆವರುತ್ತಿದ್ದ. ನನ್ನನ್ನು ಕಂಡವನೇ ದೂರು ಹೇಳಿದ: "ಕಾಣಿ, ಇನ್ನೂ ಒಂದ್ ಮನಿಗ್ ಹೇಳ್ಕೆ ಆಯ್ಲಿಲ್ಲೆ. ಇಲ್ಲಿಂದ್ಲೇ ಶುರು ಆಯ್ಕ್ ಅಂದೇಳಿ ಅಮ್ಮಂದ್ ಹಟ."

ಚಿಕ್ಕಮ್ಮ ಇಳಿದವರೇ ಬೈಯಲು ಶುರುಮಾಡಿದರು. "ದೋಣಿ ಎಲ್ಲಿತ್ತೇ ಈಗ? ದೋಣಿ ಇಲ್ಲೆ ಅಂದೇಳಿ ನಿಂಗ್ ಗೊತ್ತಿಲ್ಯಾ? ಎಂತಕ್ ಕೂಗ್ದೆ?"

"ದೋಣಿ ಇಲ್ಲೆ ಅಂದ್ ಗೊತ್ತಿತ್ತ್," ಎಂದರು ಗುಲಾಬಕ್ಕ. "ನೀ ಇದ್ದೆ ಅಲ್ದಾ?"

"ಫೋನ್ ಮಾಡುಕಾತಿತ್ತ್."

"ಹೋದ್ ವರ್ಷ ಮಾಡಿದ್ರಲೆ ಫೋನಗೆ. ಬಂದ್ಯಾ ನೀ?"

ಗುಲಾಬಕ್ಕ ಬಾಳೆಲೆ ಸರಿಸಿ, ವೀಳ್ಯದೆಲೆಯ ಮೇಲೆ ಅಡಿಕೆಯಿಟ್ಟು ನೀಡಿದರು. "ಮೊಮ್ಮಗ್ಳ್ ಮದಿ. ಶಂಕರನಾರಾಯಣದ್ ಬದಿ ಗಂಡ್. ಕಡಿನ್ ಮನಿಯರ್ ಎಲ್ಲ ಬರ್ಕ್. ಹೇಳ್ಕೆ ಆಯ್ತ್."

ಚಿಕ್ಕಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡರು. ಚಟ್ಲಿಯ ವಾಸನೆ ಹೋಗಲಿಲ್ಲವೆಂದು ಮತ್ತೊಮ್ಮೆ ಒರೆಸಿಕೊಂಡರು. ವೀಳ್ಯ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಏನೂ ಆಗಲೇ ಇಲ್ಲವೆಂಬಂತೆ, "ಹ್ಮ್, ಇನ್ನ್ ಯಾವ್ ಮನಿಗ್ ಹೋಪ್ದಿತ್ತ್?" ಎಂದು ಕೇಳಿದರು.

"ನಿಮ್ಮ್ ಬದಿಗೇ. ಹಾಡಿಮನಿ, ಕೆಳ್ಮನಿ, ಎಲ್ಲ."

"ಹಾಂಗಾರೆ ಹತ್ತ್. ಇಲ್ಲಿಂದ ದಾಟ್ಸೂದ್ ನಮ್ಮ್ ಕೆಲ್ಸ ಅಲ್ದಾ?"

ಗುಲಾಬಕ್ಕನ ಕೊಡೆಯನ್ನು ಮಡಚಿ, ಅವರನ್ನು ಮೆಲ್ಲಗೆ ಟೆಂಪೊದ ಮುಂದಿನ ಸೀಟಿಗೆ ಹತ್ತಿಸಿ, ಚಿಕ್ಕಮ್ಮ ಪಕ್ಕದಲ್ಲಿ ಒತ್ತಿಕೊಂಡು ಕುಳಿತರು. ಜಯರಾಮ ಮತ್ತು ನಾನು ಹಿಂದೆ. ಹೊರಡುವಾಗ ಚಿಕ್ಕಮ್ಮ ಸುಧಾಕರನಿಗೆ ಹೇಳಿದ ಮಾತು ಕೇಳಿತು. ಬರುವಾಗ ಹೇಳುತ್ತಿದ್ದುದಕ್ಕೆ ಪೂರ್ತಿ ವಿರುದ್ಧ: "ನಿಧಾನ ಬಿಡ. ಜನ ಹತ್ಸ್ಕಂಡಿತ್ತ್." ಅಜ್ಜಯ್ಯ ದೋಣಿ ನೂಕುವ ಮುನ್ನ ಹೇಳುತ್ತಿದ್ದುದೂ ಇದನ್ನೇ.

ಟೆಂಪೊ ಸೇತುವೆ ಹತ್ತಿತು. ಕೆಳಗೆ ಉಬ್ಬರದ ಹೊಳೆ, ಎರಡೂ ಬದಿಗೆ ಕಾಂಡ್ಲಾದ ಹಸಿರು. ಮುಂದಿನ ಸೀಟಿನಿಂದ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು; ಒಂದು ವರ್ಷದ ಸುದ್ದಿ ಬಾಕಿ ಇತ್ತು. ಪಕ್ಕಪಕ್ಕ ಕುಳಿತಿದ್ದರೂ ದಡದಿಂದ ದಡಕ್ಕೆ ಕೂಗುವಷ್ಟೇ ಗಟ್ಟಿಯಾಗಿ. ಮಂಜುಗಡ್ಡೆ ಕರಗಿ ನನ್ನ ಪ್ಯಾಂಟು ಒದ್ದೆಯಾಗುತ್ತಿತ್ತು. ಕಾರ್ಡಿನ ಕಟ್ಟನ್ನು ತಲೆಯ ಮೇಲೆ ಹಿಡಿದುಕೊಂಡಿದ್ದ ಜಯರಾಮನ ಮುಖದಲ್ಲಿ ಯಾವ ಭಾವವಿತ್ತೆಂದು ಹೇಳಲಾರೆ, ನಗುತ್ತಿದ್ದನೆಂದು ಕಾಣುತ್ತದೆ.

ಕನ್ನಡಕ ಒರೆಸೋಣವೆಂದು ಡಬ್ಬಿ ತೆಗೆದೆ. ಮೊದಲು ಕೈಗೆ ಬಂದದ್ದು ವತನಾಬೆಯ ಕಾರ್ಡು. ಅದರಲ್ಲಿ ಇಮೇಲ್ ವಿಳಾಸ ಇದೆ. ಸುದ್ದಿಯಲ್ಲಿ ತಪ್ಪಾದರೆ ಮರುದಿನ ಅದೇ ಪುಟದಲ್ಲಿ ಸರಿಪಡಿಸಬೇಕು ಎಂಬುದು ನಾನು ದುಡಿದ ಡೆಸ್ಕಿನ ನಿಯಮ. ಸೇತುವೆ ದಾಟಿ ಮುಗಿಯುವುದರೊಳಗೆ ಮನಸ್ಸಿನಲ್ಲೇ ಬರೆದು ಮುಗಿಸಿದೆ. ಮನೆಗೆ ಹೋಗಿ ಒಂದಕ್ಷರ ಬದಲಿಸದೆ ಕಳುಹಿಸಿದೆ.

ತಿದ್ದುಪಡಿ: ಕಡವಿನವರು ಈಗ ಏನು ಮಾಡುತ್ತಾರೆ ಎಂದು ತಾವು ಕೇಳಿದಾಗ, ಏನೂ ಇಲ್ಲ, ಸೇತುವೆ ಆಗಿದೆ ಎಂದಿದ್ದೆ. ಸೇತುವೆ ಆಗಿರುವುದು ನಿಜ. ಆದರೆ ಕೂಗಿದವರನ್ನು ಈಗಲೂ ದಾಟಿಸುತ್ತಾರೆ.